ಒಡಲಿನ ಹೊಸ್ತಿಲು

ಬೆಳಗಾವಿಯಿಂದ ವೆಂಗುರ್ಲೆಯ ಕಡೆಗೆ ಹೊರಟವರಿಗೆ ಪೇಟೆ ಮುಗಿಯಿತೆನ್ನುವಷ್ಟರಲ್ಲಿ ಹಿಂಡಲಗಾ ಎದುರಾಗುತ್ತದೆ. ಎರಡು ಕಾರಣಗಳಿಂದ ಈ ಊರಿನ ಹೆಸರು ದೂರದವರಿಗೂ ಗೊತ್ತು. ಒಂದು, ಅಲ್ಲಿಯ ಗಣಪತಿಯ ಗುಡಿ. ಮತ್ತೊಂದು, 1923ರಲ್ಲಿ ಸ್ಥಾಪನೆಯಾದ ಕೇಂದ್ರ ಕಾರಾಗೃಹ. ಗಲ್ಲು ಎಂಬ ಮಾತು ಬಂದೊಡನೆ ಕರ್ನಾಟಕದ ಜನ ನೆನೆಯುವುದು ಈ ಕಾರಾಗೃಹವನ್ನೇ. ಆದ್ದರಿಂದ ಮರಣದಂಡನೆಯ ಸಂಬಂಧದಲ್ಲಿ ನಮ್ಮ ಕಾನೂನಿನಲ್ಲಿರುವ ಒಂದು ಸಣ್ಣ ವಿಧಿಯನ್ನು ಹಿಂಡಲಗಾದ ಹೆಸರಿನೊಡನೆ ಎತ್ತಿಕೊಂಡರೆ ಅಸಂಗತವಾಗಲಾರದು.

ಮರಣದಂಡನೆಗೆ ಗುರಿಯಾದ ಹೆಂಗಸು ಬಸುರಿಯೆಂದು ಕಂಡುಬಂದರೆ ಏನು ಮಾಡತಕ್ಕದ್ದು? 1973ರ ದಂಡ ಪ್ರಕ್ರಿಯಾ ಸಂಹಿತೆಯ 416ನೆಯ ಕಲಮು ಮೊದಲು ವಿಧಿಸಿದ್ದು ಇಷ್ಟು: ಹೈಕೋರ್ಟು ಶಿಕ್ಷೆಯನ್ನು ಮುಂದೂಡಬೇಕು, ಉಚಿತವೆಂದು ತೋರಿದರೆ ಅದನ್ನು ಜೀವಾವಧಿ ಸೆರೆವಾಸಕ್ಕೆ ಇಳಿಸಬಹುದು. 2008ರ ತಿದ್ದುಪಡಿ ಕಾಯಿದೆ ಮುಂದೂಡುವ ಮಾತನ್ನೇ ತೆಗೆದುಹಾಕಿ, ಇಳಿಸಲೇಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 456ನೆಯ ಕಲಮಿನಲ್ಲಿಯೂ ಇದೇ ನಿಯಮ ಉಳಿದಿದೆ.

ಹಳೆಯ ಮಾತಿಗೂ ಹೊಸ ಮಾತಿಗೂ ನಡುವೆ ಇರುವ ಅಂತರ ಬರಿಯ ಕರುಣೆಯ ಹೆಚ್ಚು ಕಡಿಮೆಯಲ್ಲ. ಮುಂದೂಡುವ ನಿಯಮದ ಹಿಂದೆ ಒಂದು ಲೆಕ್ಕವಿತ್ತು. ಒಳಗಿರುವ ಜೀವ ಬೇರೆ, ಹೊತ್ತಿರುವ ಜೀವ ಬೇರೆ. ಒಳಗಿನದು ಹೊರಬಂದ ಮೇಲೆ ಹೊತ್ತದ್ದನ್ನು ಶಿಕ್ಷಿಸಬಹುದು ಎಂಬ ಲೆಕ್ಕ. ತಾಯಿ ಇಲ್ಲಿ ಒಂದು ಪೆಟ್ಟಿಗೆಯಂತೆ, ಮಗು ಅದರೊಳಗಿನ ಒಡವೆಯಂತೆ. ಹೊಸ ನಿಯಮ ಈ ಲೆಕ್ಕವನ್ನು ಒಪ್ಪಲಿಲ್ಲ. ಎರಡು ಜೀವಗಳು ಒಂದನ್ನೊಂದು ಬಿಡಿಸಿಕೊಳ್ಳುವುದು ಹೆರಿಗೆಯೊಡನೆ ಮುಗಿಯುವ ಕೆಲಸವಲ್ಲವೆಂದು ಅದು ಭಾವಿಸಿದಂತೆ ತೋರುತ್ತದೆ. ಹಾಗಾದರೆ ಒಂದು ಪ್ರಶ್ನೆ ಏಳುತ್ತದೆ. ಬಸುರಿಯಲ್ಲಿ ಇರುವುದು ಒಂದು ಜೀವವೋ ಎರಡೋ? ಎರಡಾದರೆ ಅವು ಯಾವ ಒಪ್ಪಂದದ ಮೇಲೆ ಒಂದೇ ಮನೆಯಲ್ಲಿ ಬಾಳುತ್ತವೆ? ಕಾನೂನು ತನ್ನ ಉತ್ತರವನ್ನು ಹೇಳಿದೆ. ದೇಹ ತನ್ನ ಉತ್ತರವನ್ನು ಹೇಗೆ ಹೇಳುತ್ತದೆ ಎಂಬುದನ್ನು ವೈದ್ಯವಿಜ್ಞಾನ ಕಳೆದ ಎಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದೆ.

ಈ ಪ್ರಶ್ನೆಯ ತೊಡಕು ತಿಳಿಯಬೇಕಾದರೆ ಹಿಂಡಲಗಾದ ಇನ್ನೊಂದು ಹೆಸರನ್ನು, ಎಂದರೆ ಗಣಪತಿಯ ಕಥೆಯನ್ನು, ಸ್ಮರಿಸಬಹುದು. ಪಾರ್ವತಿ ತನ್ನ ಮೈಯ ಮಣ್ಣಿನಿಂದಲೇ ಮಾಡಿದ ಮಗ ಅವನು. ತಂದೆಯ ಪಾಲು ಅವನಲ್ಲಿ ಇರಲಿಲ್ಲ. ಬಾಗಿಲು ಕಾಯಲು ನಿಂತಾಗ ತಾಯಿಯನ್ನು ಬಲ್ಲ, ತಂದೆಯನ್ನರಿಯ. ಶಿವನೇ ಬಂದು ನಿಂತರೂ ಒಳಗೆ ಬಿಡಲಿಲ್ಲ. ಮುಂದಿನ ಅನಾಹುತ ಎಲ್ಲರಿಗೂ ತಿಳಿದದ್ದೇ. ಅವನು ಕಾವಲು ಕಾದದ್ದು ತಪ್ಪೆಂದು ಯಾರೂ ಹೇಳುವುದಿಲ್ಲ. ಬಂದವನ ಪರಿಚಯವನ್ನು ಅವನಿಗೆ ಯಾರೂ ಮಾಡಿಕೊಟ್ಟಿರಲಿಲ್ಲ, ಅಷ್ಟೆ.

ನಮ್ಮ ಮೈಯಲ್ಲಿಯೂ ಇಂಥ ದ್ವಾರಪಾಲಕರಿದ್ದಾರೆ. ರಕ್ತದ ಬಿಳಿಯ ಕಣಗಳೂ ಅವುಗಳ ಬಳಗವೂ ಹಗಲಿರುಳು ಮೈಯೆಲ್ಲ ಸುತ್ತುತ್ತ, ಎದುರಾದ ಪ್ರತಿಯೊಂದು ಜೀವಕೋಶದ ಮೇಲ್ಮೈಯಲ್ಲಿರುವ ಗುರುತನ್ನು ಓದುತ್ತವೆ. ವೈದ್ಯರು ಈ ಗುರುತುಗಳನ್ನು ಎಚ್‌ಎಲ್‌ಎ ಎಂದು ಕರೆಯುತ್ತಾರೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುವ ಈ ಗುರುತು ಒಬ್ಬರದಿದ್ದಂತೆ ಇನ್ನೊಬ್ಬರದು ಇರುವುದು ಬಹು ಅಪರೂಪ. ಗಂಡನ ಚರ್ಮದ ತುಂಡೊಂದನ್ನು ಹೆಂಡತಿಯ ಸುಟ್ಟ ಕೈಗೆ ಹೊಲಿದರೆ ಎರಡು ವಾರ ಕಳೆಯುವಷ್ಟರಲ್ಲಿ ಅದು ಕಪ್ಪಿಟ್ಟು ಉದುರುತ್ತದೆ. ಮೂತ್ರಪಿಂಡ ಕೆಟ್ಟ ತಾಯಿಗೆ ಬೆಳೆದ ಮಗ ತನ್ನದೊಂದನ್ನು ಕೊಟ್ಟರೂ ಅದು ಉಳಿಯಬೇಕಾದರೆ ಆಕೆ ಮದ್ದು ನುಂಗುತ್ತಲೇ ಇರಬೇಕು. ಅದೇ ಮಗನನ್ನು ಅದೇ ತಾಯಿ ಒಂದು ಮಾತ್ರೆಯೂ ಇಲ್ಲದೆ ಒಂಬತ್ತು ತಿಂಗಳು ಹೊತ್ತಿದ್ದಳು! ಅಂದು ಒಪ್ಪಿದ ದೇಹ ಇಂದು ಒಪ್ಪುವುದಿಲ್ಲವೇಕೆ?

ಈ ವಿಸ್ಮಯವನ್ನು ಸ್ಪಷ್ಟವಾದ ಪ್ರಶ್ನೆಯಾಗಿ ಮೊದಲು ಮುಂದಿಟ್ಟವನು ಪೀಟರ್ ಮೆಡಾವರ್ ಎಂಬ ಇಂಗ್ಲೆಂಡಿನ ವಿಜ್ಞಾನಿ. ಎರಡನೆಯ ಮಹಾಯುದ್ಧದಲ್ಲಿ ಸುಟ್ಟ ಗಾಯಗಳಾದವರಿಗೆ ಚರ್ಮ ಕಸಿಮಾಡುವ ಕೆಲಸದಿಂದ ಅವನ ಯೋಚನೆ ಆರಂಭವಾಯಿತು. 1960ರಲ್ಲಿ ಬರ್ನೆಟ್ಟನೊಡನೆ ನೊಬೆಲ್ ಬಹುಮಾನವೂ ಬಂದಿತು. 1953ರಲ್ಲಿ ಅವನು ಮೂರು ಉತ್ತರಗಳನ್ನು ಸೂಚಿಸಿದ. ತಾಯಿಗೂ ಮಗುವಿಗೂ ನಡುವೆ ಗೋಡೆಯಿದ್ದು ಕಾವಲುಗಾರರು ಮಗುವನ್ನು ಕಾಣದೇ ಇರಬಹುದು. ಅಥವಾ ಮಗು ಇನ್ನೂ ಎಳೆಯದಾಗಿ ತಂದೆಯ ಗುರುತನ್ನು ಧರಿಸದಿರಬಹುದು. ಅಥವಾ ಬಸುರಿಯ ಕಾವಲುಗಾರರೇ ಜಡವಾಗಿ ತೂಕಡಿಸುತ್ತಿರಬಹುದು. ಮೂರನ್ನೂ ಒಂದು ಮಾತಿನಲ್ಲಿ ಹೇಳುವುದಾದರೆ, ಅತಿಥಿ ಉಳಿದದ್ದು ಮನೆಯವರಿಗೆ ಗೊತ್ತಾಗದೆ ಇದ್ದುದರಿಂದ.

ಮೆಡಾವರನ ಪ್ರಶ್ನೆ ಉಳಿಯಿತು. ಉತ್ತರಗಳು ಒಂದೊಂದಾಗಿ ಸಡಿಲಿದವು. ತಾಯಿ ನಿದ್ದೆಹೋಗಿರುತ್ತಾಳೆ ಎಂಬುದು ಮೊದಲು ಬಿದ್ದಿತು. 1958ರಲ್ಲಿಯೇ ಗೊತ್ತಾದ ಒಂದು ಸಂಗತಿಯಿದೆ: ಹಲವು ಬಾರಿ ಹೆತ್ತ ತಾಯಂದಿರ ರಕ್ತದಲ್ಲಿ ತಂದೆಯ ಗುರುತನ್ನು ಹಿಡಿಯಬಲ್ಲ ಪ್ರತಿಕಾಯಗಳಿರುತ್ತವೆ. ಅಂಗಾಂಗ ಕಸಿಗೆ ಮೊದಲು ಗುರುತು ಹೊಂದಿಸಿ ನೋಡಲು ವೈದ್ಯರು ಬಹುಕಾಲ ಬಳಸಿದ್ದು ಈ ತಾಯಂದಿರ ರಕ್ತರಸವನ್ನೇ. ತೂಕಡಿಸುವವರಿಗೆ ಇಷ್ಟು ನೆನಪಿರುವುದು ಸಾಧ್ಯವಿಲ್ಲ. ಆರ್‌ಎಚ್ ನೆಗೆಟಿವ್ ರಕ್ತದ ತಾಯಿಗೆ ಪಾಸಿಟಿವ್ ಮಗು ಹುಟ್ಟುವಾಗ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದರೆ, ಆಕೆಯ ದೇಹ ಅದನ್ನು ನೆನಪಿಟ್ಟುಕೊಂಡು ಮುಂದಿನ ಮಗುವಿನ ರಕ್ತಕಣಗಳನ್ನು ಒಡೆಯುವುದುಂಟು. 1968ರಿಂದ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ತಡೆಯುವುದು ಈ ನೆನಪು ಬೇರೂರುವುದನ್ನು. ತಾಯಿಯ ಮೈ ಎಚ್ಚರವಾಗಿಯೇ ಇರುತ್ತದೆ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಗೋಡೆಯ ಮಾತನ್ನು ನೋಡೋಣ. ಗೋಡೆ ಇದೆ. ಪುಸ್ತಕದ ಭಾಷೆಯಲ್ಲಿ ಅದು ಜರಾಯು, ಆಡುಮಾತಿನಲ್ಲಿ ಮಾಸು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅದರ ಹೆಸರು ಬರಿಯ ಕಸ. ‘ಕಸ ಬಿತ್ತೇನು?’ ಎಂದು ಸೂಲಗಿತ್ತಿಯನ್ನು ಕೇಳಿ, ಬಿದ್ದದ್ದನ್ನು ಮರೆಯಲ್ಲಿ ಹೂಳಿಬಿಡುತ್ತಿದ್ದರು. ದಿನ ತುಂಬಿದಾಗ ಅರ್ಧ ಕಿಲೊ ತೂಗುವ ಈ ‘ಕಸ’ದಷ್ಟು ವಿಚಿತ್ರವಾದ ಅಂಗ ಇನ್ನೊಂದಿಲ್ಲ. ಒಂಬತ್ತು ತಿಂಗಳು ಬದುಕಿ, ಮಗುವಿಗೆ ಶ್ವಾಸಕೋಶ, ಕರುಳು, ಮೂತ್ರಪಿಂಡ ಎಲ್ಲವೂ ತಾನೇ ಆಗಿ, ಕೆಲಸ ಮುಗಿದ ದಿನ ಕಳಚಿ ಬೀಳುತ್ತದೆ. ಇದನ್ನು ತಾಯಿಯ ಅಂಗವೆಂದು ನಾವು ಎಣಿಸುವುದುಂಟು. ಆದರೆ ಅದು ಮುಖ್ಯವಾಗಿ ಮಗುವಿನದು. ಮಗು ಯಾವ ಮೊಳಕೆಯಿಂದ ಬಂದಿತೋ ಅದರಿಂದಲೇ ಬಂದು, ತಂದೆಯ ಪಾಲನ್ನೂ ಹೊತ್ತಿರುತ್ತದೆ. ಅದರ ಹೊರಪದರವನ್ನು ಬೆಸೆಯುವ ಸಿನ್ಸಿಟಿನ್ ಎಂಬ ಸಾರವಸ್ತುವನ್ನು ಮಾಡಿಸುವ ವಂಶವಾಹಿ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರ ಮೈ ಹೊಕ್ಕ ವೈರಾಣುವೊಂದರಿಂದ ಉಳಿದುಬಂದದ್ದೆಂದು 2000ದಲ್ಲಿ ತಿಳಿಯಿತು. ಒಂದು ಕಾಲದ ಶತ್ರು ಇಂದು ಮನೆಯ ಗೋಡೆಗೆ ಗಾರೆಯಾಗಿದ್ದಾನೆ.

ಈ ಗೋಡೆ ಎಲ್ಲವನ್ನೂ ತಡೆಯುವಂಥದಲ್ಲ. ಬೆಳಗಾವಿಯಲ್ಲಿ ವ್ಯಾಕ್ಸಿನ್ ಡಿಪೋ ಎಂದರೆ ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಲಸಿಕೆ ಹಾಕಿಸಿಕೊಂಡವರಿಗೆ ರಕ್ಷಣೆ ಎಂಬುದು ಸಾಮಾನ್ಯ ನಿಯಮ. ಆದರೆ ಬಸುರಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿದರೆ ಆಕೆಯ ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಮಾಸು ಆರಿಸಿ, ಕೈಹಿಡಿದು, ಮಗುವಿನ ಕಡೆಗೆ ದಾಟಿಸುತ್ತದೆ. ತಾಯಿ ಕಂಡ ರೋಗಗಳ ಅನುಭವವೆಲ್ಲ ಹೀಗೆ ಮಗುವಿನ ಮೊದಲ ತಿಂಗಳುಗಳಿಗೆ ಬುತ್ತಿಯಾಗುತ್ತದೆ. 2015ರಲ್ಲಿ ಭಾರತವು ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮನ್ನಣೆ ಪಡೆಯಿತು. ಆ ಗೆಲುವಿನಲ್ಲಿ ಮಾಸಿನ ಈ ಸಾಗಣೆಯ ಪಾಲೂ ಇದೆ. ಆದ್ದರಿಂದ ಇದನ್ನು ಗೋಡೆ ಎನ್ನುವುದಕ್ಕಿಂತ ಹೊಸ್ತಿಲು ಎನ್ನುವುದು ಹೆಚ್ಚು ಸರಿ.

ನಿಜವಾದ ಭೇಟಿ ನಡೆಯುವುದು ಮಾಸಿನ ಬುಡದಲ್ಲಿ. ಅಲ್ಲಿ ಮಾಸಿನ ಕೋಶಗಳು ತಮ್ಮ ಸಾಲನ್ನು ಬಿಟ್ಟು ಗರ್ಭಕೋಶದ ಒಳಪೊರೆಗೆ ನೇರವಾಗಿ ನುಗ್ಗುತ್ತವೆ. ಎರಡು ಮನೆತನಗಳ ಕೋಶಗಳು ಅಲ್ಲಿ ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಬಸುರಿನ ಮೊದಲ ತಿಂಗಳುಗಳಲ್ಲಿ ಆ ಪೊರೆಯಲ್ಲಿ ನೆರೆದಿರುವ ತಾಯಿಯ ಕಾವಲು ಕೋಶಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಒಂದೇ ಜಾತಿಯವು. ಅವುಗಳ ಹೆಸರು ನ್ಯಾಚುರಲ್ ಕಿಲ್ಲರ್, ಎಂದರೆ ಹುಟ್ಟು ಕೊಲೆಗಾರ. ರಕ್ತದಲ್ಲಿರುವ ಇವುಗಳ ದಾಯಾದಿಗಳು ಸೋಂಕು ತಗುಲಿದ ಕೋಶವನ್ನು ಕಂಡಲ್ಲಿ ಕೊಲ್ಲುತ್ತವೆ. ಮಗು ಊರಿಕೊಳ್ಳುವ ಜಾಗದಲ್ಲಿಯೇ ಇಂಥವರ ಗುಂಪು! ಇದನ್ನು ಮೊದಲು ನೋಡಿದವರು ಇಲ್ಲಿ ಯುದ್ಧವೇ ನಡೆಯುತ್ತಿರಬೇಕೆಂದು ಊಹಿಸಿದ್ದರೆ ಆಶ್ಚರ್ಯವಿಲ್ಲ.

ನಡೆಯುವುದು ಬೇರೆ. ಒಳನುಗ್ಗುವ ಮಾಸಿನ ಕೋಶ ತನ್ನ ಗುರುತನ್ನು ಪೂರ್ತಿ ಮುಚ್ಚಿಕೊಳ್ಳುವುದೂ ಇಲ್ಲ, ಪೂರ್ತಿ ತೋರುವುದೂ ಇಲ್ಲ. ಎಚ್‌ಎಲ್‌ಎ ಗುರುತುಗಳಲ್ಲಿ ಜಗಳಕ್ಕೆ ಹೆಚ್ಚು ಕಾರಣವಾಗುವ ಎ ಮತ್ತು ಬಿ ಎಂಬವನ್ನು ಅದು ಒಳಗಿಡುತ್ತದೆ. ಎಲ್ಲ ಮನುಷ್ಯರಲ್ಲಿಯೂ ಹೆಚ್ಚು ಕಡಿಮೆ ಒಂದೇ ತೆರನಾಗಿರುವ ಜಿ ಎಂಬುದನ್ನು ತೋರಿಸುತ್ತದೆ. ಅದರೊಡನೆ ಸಿ ಎಂಬುದನ್ನೂ ತೋರಿಸುತ್ತದೆ; ಈ ಸಿ ತಂದೆಯಿಂದ ಬಂದದ್ದೂ ಆಗಿರುತ್ತದೆ. ‘ನಾನೂ ನಿಮ್ಮಂತೆ ಮನುಷ್ಯಕುಲದವನೇ, ಆದರೆ ಇಂಥ ಮನೆಯವನು’ ಎಂದು ಬಾಗಿಲಲ್ಲಿ ನಿಂತವನು ಹೇಳುವ ರೀತಿ ಇದು. ತಾಯಿಯ ಕಾವಲು ಕೋಶ ತನ್ನ ಮೇಲ್ಮೈಯ ಕೈಗಳಿಂದ ಈ ಗುರುತನ್ನು ಮುಟ್ಟಿ ಓದುತ್ತದೆ. ಓದಿದ ಮೇಲೆ ಕೊಲ್ಲುವುದಿಲ್ಲ. ಸುಮ್ಮನೆ ನಿಲ್ಲುವುದೂ ಇಲ್ಲ. ಕೆಲವು ರಸಗಳನ್ನು ಸ್ರವಿಸಿ ಬಂದವನ ಕೆಲಸಕ್ಕೆ ಕೈಗೂಡಿಸುತ್ತದೆ.

ಆ ಕೆಲಸವಾದರೂ ಏನು? ಗರ್ಭಕೋಶಕ್ಕೆ ರಕ್ತ ತರುವ ಸುರುಳಿ ಧಮನಿಗಳು ಸಣ್ಣವು, ಬಿಗಿಯಾದವು. ಬೆಳೆಯುವ ಮಗುವಿಗೆ ಅಷ್ಟು ರಕ್ತ ಸಾಲದು. ತಾಯಿಯ ಕಾವಲು ಕೋಶಗಳೂ ಮಾಸಿನ ಕೋಶಗಳೂ ಸೇರಿ ಆ ಧಮನಿಗಳ ಸ್ನಾಯುವನ್ನು ಸಡಿಲಿಸಿ ಅಗಲವಾದ ಕಾಲುವೆಗಳನ್ನಾಗಿ ಮಾರ್ಪಡಿಸುತ್ತವೆ. 1990ರ ದಶಕದ ಕೊನೆಯಲ್ಲಿ ಕೆನಡಾದ ಆನ್ ಕ್ರಾಯ್ ಮತ್ತು ಸಂಗಡಿಗರು ಈ ‘ಕೊಲೆಗಾರ’ ಕೋಶಗಳಿಲ್ಲದ ಇಲಿಗಳನ್ನು ಪರೀಕ್ಷಿಸಿ ನೋಡಿದರು. ಶತ್ರು ಇಲ್ಲದ್ದರಿಂದ ಅವುಗಳ ಬಸುರು ಸುಗಮವಾಗಬೇಕಿತ್ತು. ಆದದ್ದು ಬೇರೆ: ಅವುಗಳ ಧಮನಿಗಳು ಅಗಲವಾಗದೆ ಇಕ್ಕಟ್ಟಾಗಿಯೇ ಉಳಿದವು. ಕಾವಲುಗಾರನಿಲ್ಲದ ಮನೆಯಲ್ಲಿ ಅತಿಥಿಗೆ ನೀರು ಕೊಡುವವರೇ ಇರಲಿಲ್ಲ.

ಇಲ್ಲಿಂದ ಮಾತು ಮನುಷ್ಯರ ಕಷ್ಟಕ್ಕೆ ತಿರುಗುತ್ತದೆ. ಬಸುರಿನ ಇಪ್ಪತ್ತು ವಾರ ಕಳೆದ ಮೇಲೆ ಕೆಲವರಿಗೆ ರಕ್ತದ ಒತ್ತಡ ಏರಿ, ಮೈ ಬಾತು, ಮೂತ್ರದಲ್ಲಿ ಪ್ರೋಟೀನು ಹೋಗಿ, ವಿಕೋಪಕ್ಕೆ ಹೋದರೆ ಸೆಳವು ಬಂದು, ತಾಯಿ ಮಗು ಇಬ್ಬರ ಜೀವಕ್ಕೂ ಎರವಾಗುತ್ತದೆ. ಜಗತ್ತಿನ ಬಸುರಿಯರಲ್ಲಿ ನೂರಕ್ಕೆ ಎರಡರಿಂದ ಎಂಟು ಮಂದಿಯನ್ನು ಇದು ಕಾಡುತ್ತದೆಂದು ಅಂದಾಜು. ಹಿಂದಿನ ವೈದ್ಯರು ಇದನ್ನು ಟಾಕ್ಸೀಮಿಯಾ ಎಂದರು, ಎಂದರೆ ರಕ್ತಕ್ಕೇರಿದ ವಿಷ. ಕನ್ನಡದಲ್ಲಿ ಬಸುರಿನ ನಂಜು ಎಂಬ ಹೆಸರು ಹಾಗೆಯೇ ಬಂದಿತು. ಅವರು ಊಹಿಸಿದ ವಿಷ ಸಿಗಲಿಲ್ಲ. ಪ್ರಿ-ಎಕ್ಲಾಂಪ್ಸಿಯಾ ಎಂಬ ಹೆಸರು ನಿಂತಿತು. ಬೇರು ಎಷ್ಟೋ ವೇಳೆ ಆ ಮೊದಲ ತಿಂಗಳುಗಳ ಭೇಟಿಯಲ್ಲಿದೆ. ಧಮನಿಗಳು ಸಾಕಷ್ಟು ಅಗಲವಾಗದಿದ್ದರೆ ಮಾಸು ಬಳಲುತ್ತದೆ. ಬಳಲಿದ ಮಾಸು ಬಿಡುವ ವಸ್ತುಗಳು ತಾಯಿಯ ರಕ್ತನಾಳಗಳನ್ನೆಲ್ಲ ಕೆಡಿಸುತ್ತವೆ.

ಭೇಟಿ ಏಕೆ ಕೆಡುತ್ತದೆ? ಕೇಂಬ್ರಿಜ್ಜಿನ ಆಶ್ಲಿ ಮಾಫೆಟ್ ಮತ್ತು ಸಂಗಡಿಗರು 2004ರಲ್ಲಿ ಒಂದು ಸುಳಿವನ್ನು ಪ್ರಕಟಿಸಿದರು. ತಾಯಿಯ ಕಾವಲು ಕೋಶಗಳ ಕೈಗಳಲ್ಲಿ ಕೆಲವು ತಡೆಹಿಡಿಯುವಂಥವು, ಕೆಲವು ಹುರಿದುಂಬಿಸುವಂಥವು. ಹುರಿದುಂಬಿಸುವ ಕೈಗಳು ತೀರ ಕಡಿಮೆಯಿರುವ ತಾಯಿಯ ಒಡಲಲ್ಲಿ ಸಿ2 ಎಂಬ ಬಗೆಯ ಗುರುತಿನ ಮಗು ಬಂದರೆ ಈ ನಂಜಿನ ಸಂಭವ ಹೆಚ್ಚುತ್ತದೆ. ಕಾವಲು ಕೋಶಗಳು ಸಿಟ್ಟಿಗೆದ್ದು ಮಗುವಿನ ಮೇಲೆ ಬಿದ್ದದ್ದರಿಂದ ಹೀಗಾಗುವುದಲ್ಲ. ಅವು ಮಿತಿಮೀರಿ ತಡೆದುಕೊಂಡು, ಮಾಡಬೇಕಾದ ನೆರವನ್ನು ಮಾಡದೆ ನಿಂತದ್ದರಿಂದ ಆಗುವುದು. ಚೊಚ್ಚಲು, ಅವಳಿ, ಮೊದಲೇ ಇದ್ದ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮುಂತಾದ ಕಾರಣಗಳೂ ಇವೆ. ಇದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಆದರೂ ಇದರಿಂದ ಕಲಿಯಬೇಕಾದದ್ದು ದೊಡ್ಡದು. ಮೆಡಾವರನ ಮೂರು ಉತ್ತರಗಳೂ ಬಸುರು ಉಳಿಯುವುದಕ್ಕೆ ತಾಯಿಯ ಮೈ ಮಗುವನ್ನು ಕಾಣದಿರುವುದೇ ಕಾರಣವೆಂದು ಹೇಳಿದ್ದವು. ಈಗ ತಿಳಿದಿರುವುದು, ಕಾಣುವುದೇ ಕಾರಣವೆಂದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಹಿಂದಿನ ಸಿಸೇರಿಯನ್ ಶಸ್ತ್ರಕ್ರಿಯೆಯ ಕಲೆಯ ಮೇಲೆ ಮಾಸು ಬೇರೂರಿದರೆ, ಅಲ್ಲಿ ಗರ್ಭಕೋಶದ ಒಳಪೊರೆ ಸರಿಯಾಗಿರುವುದಿಲ್ಲ. ತಡೆಯುವವರಿಲ್ಲದೆ ಮಾಸಿನ ಕೋಶಗಳು ಸ್ನಾಯುವಿನೊಳಕ್ಕೆ, ಕೆಲವೊಮ್ಮೆ ಅದನ್ನೂ ದಾಟಿ ನುಗ್ಗುತ್ತವೆ. ಹೆರಿಗೆಯಾದ ಮೇಲೆ ಆ ಮಾಸು ಬಿಡಿಸಿಕೊಳ್ಳುವುದಿಲ್ಲ. ರಕ್ತ ಹರಿದು ತಾಯಿ ಸಾಯುವ ಸ್ಥಿತಿಗೆ ಬರುತ್ತಾಳೆ. ಆ ಒಳಪೊರೆ ಅತಿಥಿಗೆ ದಾರಿಯನ್ನೂ ತೋರಿಸುತ್ತಿತ್ತು, ‘ಇಲ್ಲಿಯವರೆಗೆ ಮಾತ್ರ’ ಎಂದು ಗೆರೆಯನ್ನೂ ಎಳೆಯುತ್ತಿತ್ತು. ಗುರುತಿಸುವುದು, ನೆರವಾಗುವುದು, ಮೇರೆ ಹಾಕುವುದು: ಈ ಮೂರೂ ಕೂಡಿದಾಗ ಬಸುರು ಸುಖವಾಗುತ್ತದೆ.

ಜೀವಕೋಶಗಳಿಂದ ನೀತಿಯನ್ನು ಕಲಿಯಬಹುದೆ ಎಂದು ವಾಚಕರು ಕೇಳಿದರೆ ಆ ಆಕ್ಷೇಪಣೆ ನ್ಯಾಯವಾದದ್ದು. ಕೋಶಕ್ಕೆ ದಯೆಯಿಲ್ಲ, ದ್ವೇಷವೂ ಇಲ್ಲ. ನಿಸರ್ಗದಲ್ಲಿ ಹೀಗಿದೆ, ಆದ್ದರಿಂದ ಮನುಷ್ಯನೂ ಹೀಗಿರಬೇಕು ಎಂಬ ತರ್ಕಕ್ಕೆ ಬೆನ್ನೆಲುಬಿಲ್ಲ. ಹಾಗೆ ವಾದಿಸಿದವರು ತೋಳನನ್ನೂ ಗುರುವಾಗಿ ಮಾಡಿಕೊಳ್ಳಬೇಕಾಗುತ್ತದೆ. ಆದರೆ ತಪ್ಪು ತಿಳಿವಳಿಕೆಯ ಮೇಲೆ ನಿಂತ ನೀತಿಯನ್ನು ಸರಿಯಾದ ತಿಳಿವಳಿಕೆ ಬಂದಾಗ ಕೆಳಗಿಳಿಸುವುದು ನಮ್ಮ ಹೊಣೆ. ಅಂಥ ಎರಡು ಸಂಗತಿಗಳು ಇಲ್ಲಿವೆ.

ಮೊದಲನೆಯದು ಸಹನೆ ಎಂಬ ಮಾತಿನ ಅರ್ಥ. ಪರಕೀಯನನ್ನು ಸಹಿಸುವುದೆಂದರೆ ಕಣ್ಣುಮುಚ್ಚಿಕೊಂಡಿರುವುದು, ಇಲ್ಲವೆ ಕೈಲಾಗದೆ ಸುಮ್ಮನಿರುವುದು ಎಂದು ನಾವು ತಿಳಿಯುತ್ತೇವೆ. ಅದರಿಂದಲೇ ಸಹನೆ ದುರ್ಬಲರ ಲಕ್ಷಣವೆಂಬ ಭಾವನೆ ಬೆಳೆದು, ಬಲ್ಲವರೂ ಅದನ್ನು ಬಿಟ್ಟುಕೊಡುತ್ತಾರೆ. ಬೆಳಗಾವಿಯ ಸೀಮೆಯಲ್ಲಿ ಈ ಮಾತಿಗೆ ನೋವಿನ ಇತಿಹಾಸವಿದೆ. 1986ರ ಭಾಷಾ ಚಳವಳಿಯಲ್ಲಿ ಪ್ರಾಣ ಕಳೆದುಕೊಂಡವರ ಸ್ಮಾರಕ ಹಿಂಡಲಗಾದಲ್ಲಿಯೇ ಇದೆ. ಅದೇ ಸೀಮೆಯ ಸಂತೆಯಲ್ಲಿ, ಹೊಲದ ಬದುವಿನಲ್ಲಿ, ಎರಡೂ ಭಾಷೆಗಳನ್ನು ಬಲ್ಲ ಜನ ಒಬ್ಬರ ಮಾತಿಗೆ ಇನ್ನೊಬ್ಬರ ಮಾತಿನಲ್ಲಿ ಉತ್ತರ ಕೊಡುತ್ತ ಬದುಕಿದ್ದಾರೆ. ಅವರು ಪರಸ್ಪರ ಕಾಣದವರಲ್ಲ, ಚೆನ್ನಾಗಿ ಕಂಡವರು. ನೆರೆಯವನ ಮಾತು ತಿಳಿದವನಿಗೆ ಅವನ ಮೇರೆಯೂ ತಿಳಿದಿರುತ್ತದೆ, ತನ್ನ ಮೇರೆಯೂ. ಪರಿಚಯವಿಲ್ಲದ ಸಹನೆ ಒಂದು ಗಲಾಟೆಗೆ ಮುರಿದುಹೋಗುತ್ತದೆ. ಪರಿಚಯದ ಮೇಲೆ ನಿಂತದ್ದು ಗಲಾಟೆಯ ಮರುದಿನವೂ ಸಂತೆಗೆ ಬರುತ್ತದೆ.

ಎರಡನೆಯದು ಇದಕ್ಕಿಂತ ಹತ್ತಿರದ್ದು. ಪ್ರತಿಯೊಂದು ಮನೆಗೂ ಸೇರಿದ್ದು. ನಾವು ತಾಯಿಯನ್ನು ಭೂಮಿಗೆ ಹೋಲಿಸಿ ಪೂಜಿಸುತ್ತೇವೆ. ಎಷ್ಟು ತುಳಿದರೂ ಸಹಿಸುವವಳು, ಎಷ್ಟು ಕೇಳಿದರೂ ಕೊಡುವವಳು ಎನ್ನುತ್ತೇವೆ. ಇದು ಗೌರವದ ಮಾತಿನಂತೆ ಕೇಳಿಸಿದರೂ ಇದರ ಒಳಗೆ ಒಂದು ಅನುಕೂಲ ಅಡಗಿದೆ. ಮಿತಿಯಿಲ್ಲದವಳಿಗೆ ಆರೈಕೆ ಬೇಕಿಲ್ಲ. ಮೈಬಾವು ಬಂದರೆ ಬಸುರಿಯರಿಗೆ ಬರುವುದೇ ಎಂದು ಬಿಡುವುದು, ತಲೆನೋವೆಂದರೆ ಬಿಸಿಲಿನದೆನ್ನುವುದು, ಕೊನೆಯ ಪಾಳಿಯಲ್ಲಿ ಉಳಿದದ್ದನ್ನು ಆಕೆ ಉಣ್ಣುವುದು, ಇವೆಲ್ಲ ಈ ಪೂಜೆಯ ನೆರಳಿನಲ್ಲಿಯೇ ನಡೆಯುತ್ತವೆ. ಬಸುರು ಕೆಟ್ಟರೆ ಪೂಜೆ ಮಗುಚಿ ನಿಂದೆಯಾಗುತ್ತದೆ. ಸೊಸೆಯ ಕಾಲ್ಗುಣ, ಸೊಸೆಯ ನಡತೆ, ಆಕೆ ತಿಂದದ್ದು, ಆಕೆ ದಾಟಿದ್ದು! ದೇವತೆ ಎಂದ ಬಾಯಿಯೇ ದೋಷಿ ಎನ್ನುತ್ತದೆ.

ದೇಹ ಹೇಳುವ ಸತ್ಯ ಈ ಎರಡನ್ನೂ ಅಲ್ಲಗಳೆಯುತ್ತದೆ. ತಾಯಿಯ ಒಡಲು ಮಿತಿಯಿಲ್ಲದ ಭೂಮಿಯಲ್ಲ. ಪ್ರತಿ ಹೆಜ್ಜೆಗೂ ಅಳೆದು, ಕೊಟ್ಟು, ತಡೆದು ನಡೆಯುವ ಗೃಹಿಣಿ. ಆಕೆಯ ಕೊಡುಗೈಗೆ ಬೆಲೆ ಬಂದಿರುವುದೇ ಈ ಮಿತಿಯಿಂದ. ಬಸುರು ಕೆಟ್ಟಾಗ ತಾಯಿಯ ಕಾವಲು ಕೋಶದ ಕೈಯೂ, ಮಗು ತಂದೆಯಿಂದಲೋ ತಾಯಿಯಿಂದಲೋ ತಂದ ಗುರುತೂ ಕೂಡಿ ಬಂದ ಬಗೆಯಿಂದ ಅದು ಆಗಿರಬಹುದು. ಒಬ್ಬ ಗಂಡನಿಂದ ತೊಂದರೆಯಾದ ಸ್ತ್ರೀಗೆ ಬೇರೊಬ್ಬನಿಂದ ಆಗದೆ ಇರಬಹುದು. ಅವನಿಗೂ ಇನ್ನೊಬ್ಬಳೊಡನೆ ಸಂಸಾರ ಸುಸೂತ್ರವಾಗಿ ನಡೆಯಬಹುದಿತ್ತು. ಇದರಲ್ಲಿ ಹೆಂಡತಿಯ ತಪ್ಪೂ ಇಲ್ಲ, ಗಂಡನ ತಪ್ಪೂ ಇಲ್ಲ. ತಪ್ಪಿಲ್ಲದ ಕಡೆ ದೋಷಿಯನ್ನು ಹುಡುಕುವುದೇ ನಿಜವಾದ ತಪ್ಪು. ಆ ಹುಡುಕಾಟದಲ್ಲಿ ಕಳೆದ ಹೊತ್ತು ಚಿಕಿತ್ಸೆಗೆ ಸಲ್ಲಬೇಕಾಗಿದ್ದ ಹೊತ್ತು.

ಮನೆಯೊಳಗಿನ ಕಾವಲುಗಾರ ಮಾಡಲಾರದ ನೆರವನ್ನು ಹೊರಗಿನವರು ಮಾಡಬಹುದು. ಇದಕ್ಕೆ ಬೆಳಗಾವಿಯೇ ಸಾಕ್ಷಿ. ಮಾಸು ಕಳಚಿದ ಗಳಿಗೆಯಲ್ಲಿ, ಒಂಬತ್ತು ತಿಂಗಳು ಅಗಲವಾಗಿ ತೆರೆದಿದ್ದ ಧಮನಿಗಳನ್ನು ಗರ್ಭಕೋಶ ಬಿಗಿದು ಮುಚ್ಚಬೇಕು. ತಡವಾದರೆ ರಕ್ತ ನಿಲ್ಲದು. 1963ರಲ್ಲಿ ಆರಂಭವಾದ ಇಲ್ಲಿಯ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದವರೊಡನೆ ಕೂಡಿ, ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರನ್ನು ಕುರಿತು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಉಪಕೇಂದ್ರದ ನರ್ಸು ಹೆರಿಗೆಯಾದೊಡನೆ ಬಾಯಿಗೆ ಕೊಡುವ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಮಳೆಗಾಲದಲ್ಲಿ ಹಳ್ಳ ದಾಟಲಾಗದ ಖಾನಾಪುರದ ಕಾಡಂಚಿನ ಊರುಗಳನ್ನು ಬಲ್ಲವರಿಗೆ, ಸೂಜಿಯೂ ಶೀತಲ ಪೆಟ್ಟಿಗೆಯೂ ಬೇಡದ ಒಂದು ಮಾತ್ರೆಯ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆರು ದೇಶಗಳದು; ಭಾರತದಲ್ಲಿ ಬೆಳಗಾವಿಯೂ ನಾಗಪುರವೂ ಅದರ ಕೇಂದ್ರಗಳು. ಮೊದಲ ಬಸುರಿನ 11,976 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಆರಂಭದ ವಾರಗಳಿಂದಲೇ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ದಿನ ತುಂಬುವ ಮುನ್ನ ಆಗುವ ಹೆರಿಗೆ ನೂರಕ್ಕೆ 13.1 ಇದ್ದದ್ದು ಮಾತ್ರೆ ತೆಗೆದುಕೊಂಡವರಲ್ಲಿ 11.6 ಆಯಿತು, ರಕ್ತದೊತ್ತಡದೊಡನೆ ತೀರ ಮುಂಚೆ ಆಗುವ ಹೆರಿಗೆಗಳೂ ಇಳಿದವು. ಇಳಿಕೆ ಸಣ್ಣದೆಂದು ಕಾಣಬಹುದು. ಸಾವಿರ ಬಸುರಿಯರಲ್ಲಿ ಹದಿನೈದು ಮನೆಗಳ ತೊಟ್ಟಿಲಿನ ಲೆಕ್ಕ ಅದು. ವೈದ್ಯರ ಸಲಹೆಯಿಲ್ಲದೆ ನುಂಗತಕ್ಕ ಮಾತ್ರೆಯಲ್ಲ. ಆದರೆ ವೈದ್ಯರನ್ನು ಕೇಳತಕ್ಕ ಮಾತು ಅಹುದು.

ಈಗ ಮೊದಲಿನ ಪ್ರಶ್ನೆ ಉಳಿದಿದೆ: ಒಂದೋ, ಎರಡೋ? 1996ರಲ್ಲಿ ಡಯಾನಾ ಬಿಯಾಂಕಿ ಎಂಬ ಅಮೆರಿಕದ ವೈದ್ಯೆ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ತೋರಿಸಿದರು. ಗಂಡುಮಗುವನ್ನು ಹೆತ್ತ ತಾಯಂದಿರ ರಕ್ತದಲ್ಲಿ ಮಗನ ಕೋಶಗಳು ಹೆರಿಗೆಯಾಗಿ 27 ವರ್ಷಗಳಾದರೂ ಸಿಕ್ಕವು. ತಾಯಿಯ ಕೋಶಗಳೂ ಮಕ್ಕಳ ಮೈಯಲ್ಲಿ ಹಾಗೆಯೇ ಉಳಿದಿರುತ್ತವೆ. ಮಗ ಮನೆಬಿಟ್ಟು ಪರದೇಶಕ್ಕೆ ಹೋಗಿರಬಹುದು, ಜಗಳವಾಡಿ ಮಾತು ಬಿಟ್ಟಿರಬಹುದು; ಅವನ ಒಂದು ಅಂಶ ಆ ತಾಯಿಯ ರಕ್ತದಲ್ಲಿ ಕಾವಲುಗಾರರ ಕಣ್ಣೆದುರಿಗೇ ಓಡಾಡಿಕೊಂಡಿರುತ್ತದೆ. ಒಂದು ಎಂದರೂ ಪೂರ್ತಿ ನಿಜವಲ್ಲ, ಎರಡು ಎಂದರೂ ಪೂರ್ತಿ ನಿಜವಲ್ಲ. ಹೆರಿಗೆಯವರೆಗೆ ತಡೆದು ಆಮೇಲೆ ತಾಯಿಯನ್ನು ಗಲ್ಲಿಗೇರಿಸುವ ಲೆಕ್ಕವನ್ನು ಕೈಬಿಟ್ಟ ಕಾನೂನಿಗೆ ಈ ಕೋಶಗಳ ವಿಷಯ ಗೊತ್ತಿರಬೇಕಾಗಿರಲಿಲ್ಲ. ಆದರೂ ಅದು ಸರಿಯಾದ ಕಡೆಗೇ ನಡೆಯಿತು.

ಸೆರೆಮನೆಯಲ್ಲಿ ಹುಟ್ಟುವ ಮಕ್ಕಳ ಬಗ್ಗೆ ಸುಪ್ರೀಂ ಕೋರ್ಟು 2006ರಲ್ಲಿ ಕೊಟ್ಟ ಒಂದು ತೀರ್ಪೂ ಅದೇ ಹಾದಿಯದು. ಸಾಧ್ಯವಾದ ಮಟ್ಟಿಗೆ ಹೆರಿಗೆ ಹೊರಗಿನ ಆಸ್ಪತ್ರೆಯಲ್ಲಿ ಆಗಬೇಕು. ಒಳಗೇ ಆದರೂ ಜನನದ ದಾಖಲೆಯಲ್ಲಿ ಸೆರೆಮನೆಯೆಂದು ಬರೆಯಕೂಡದು, ಆ ಬಡಾವಣೆಯ ಹೆಸರನ್ನು ಮಾತ್ರ ಬರೆಯಬೇಕು. ಆ ನಿಯಮದಂತೆ ಅಂಥ ಮಗುವಿನ ಕಾಗದದಲ್ಲಿ ಇರುವುದು ಹಿಂಡಲಗಾ ಎಂಬ ಊರಿನ ಹೆಸರು, ಅಷ್ಟೆ. ಮಗುವಿನ ಗುರುತಿನಲ್ಲಿ ಯಾವುದನ್ನು ತೋರಬೇಕು, ಯಾವುದನ್ನು ಒಳಗಿಡಬೇಕು ಎಂದು ನ್ಯಾಯಾಲಯ ವಿವೇಚಿಸಿದ್ದು, ಮಾಸಿನ ಕೋಶದ ನಡವಳಿಕೆಯನ್ನು ನೆನಪಿಸುತ್ತದೆ. ಅಲ್ಲಿ ವಿವೇಚನೆಯಿಲ್ಲದೆ ನಡೆಯುವುದನ್ನು ಇಲ್ಲಿ ಮನುಷ್ಯರು ವಿವೇಚಿಸಿ ಮಾಡಿದರು. ನೀತಿ ಎಂದರೆ ಇದೇ.

ನಮ್ಮ ಪಾಲಿಗೆ ಉಳಿದದ್ದು ಚಿಕ್ಕ ಕೆಲಸ. ನಮ್ಮ ಕಡೆ ಬಸುರಿಗೆ ಕುಬಸ ಮಾಡುವ ಪದ್ಧತಿಯಿದೆ. ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ, ಬಯಕೆಯ ಊಟ. ನೆಂಟರಿಷ್ಟರೆಲ್ಲ ಬಂದು ಹರಸುತ್ತಾರೆ. ಚೆಲುವಾದ ಪದ್ಧತಿ, ನಡೆಯಲಿ. ಆರತಿ ಎತ್ತಲು ಬಂದ ಹಿರಿಯರಲ್ಲಿ ಯಾರಾದರೊಬ್ಬರು ಬಸುರಿಯ ಪಕ್ಕದಲ್ಲಿ ಕುಳಿತು, ‘ರಕ್ತದ ಒತ್ತಡ ನೋಡಿಸಿದ್ದೀಯೇನವ್ವಾ, ಎಷ್ಟಿತ್ತು?’ ಎಂದು ಕೇಳಬೇಕು. ನೋಡಿಸಿಲ್ಲವೆಂದರೆ ಮರುದಿನ ತಾವೇ ಜೊತೆಗೆ ಹೋಗಬೇಕು.